ಎಲ್ಲರಿಗೂ ಒಂದೇ ಟೈರು

ರುದ್ರೇಶಣ್ಣ ನನ್ನ ದೊಡ್ಡವ್ವನ ಮಗ. ಧಾರವಾಡದಲ್ಲಿ ನನಗೆ ಬೈಕು ಕಲಿಸಿದವನು, ಕ್ರೈಸ್ಟ್‌ಚರ್ಚಿನಲ್ಲಿ ರೇಸಿಗೆ ಇಳಿಸಿದವನು. ವಾರವಿಡೀ ಅವನು ಹಾರ್ನ್‌ಬಿಯ ಗೋದಾಮಿನಲ್ಲಿ ಎಂಜಿನಿಯರ್, ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಭಾನುವಾರ ಇಬ್ಬರೂ ಒಂದೇ ಕ್ಲಬ್ಬಿನ ಸವಾರರು. ಅವನ ಮಾತಿಗೂ ತೂಕ ಜಾಸ್ತಿ, ಅವನಿಗೂ ಜಾಸ್ತಿ. ನಾನು ಐವತ್ತು ಕೆಜಿ ಮುಟ್ಟದವಳು.

ಈ ಸಲ ಕ್ಲಬ್ಬು ಹೊಸ ನಿಯಮಕ್ಕೆ ಹೊರಟಿತು: ಎಲ್ಲರೂ ಒಂದೇ ಕಂಪನಿಯ, ಒಂದೇ ನಮೂನೆಯ ಗಟ್ಟಿ ಟೈರು ಹಾಕಬೇಕು. "ಎಲ್ಲರಿಗೂ ಫೇರ್" ಎಂದಳು ಅಧ್ಯಕ್ಷೆ ಹೆಲೆನ್. ನ್ಯೂಜಿಲೆಂಡಿನವರ ಬಾಯಲ್ಲಿ ಫೇರ್ ಎಂಬುದು ಫಿಯರ್ ಆಗಿ ಹೊರಬೀಳುತ್ತದೆ. ರುದ್ರೇಶಣ್ಣನ ಗ್ಯಾರೇಜಿನಲ್ಲಿ ನಾನು ಹೆಲೆನ್ ದನಿ ತೆಗೆದು "ಎಲ್ಲರಿಗೂ ಫಿಯರ್, ಎಲ್ಲರಿಗೂ ಫಿಯರ್" ಎಂದಾಗ ಅವನು ಸ್ಪ್ಯಾನರ್ ಕೆಳಗಿಟ್ಟು ನಕ್ಕ.

ಭಯವಂತೂ ನನಗೆ ನಿಜವಾಗಿಯೇ ಇತ್ತು. ಟೈರು ಬಿಸಿಯಾದರೆ ಮಾತ್ರ ನೆಲ ಹಿಡಿಯುತ್ತದೆ. ಗಟ್ಟಿ ಟೈರು ದಪ್ಪನೆಯವರ ಭಾರಕ್ಕೆ ಬಿಸಿಯಾಗುತ್ತದೆ. ನನ್ನ ಕೆಳಗೆ ತಣ್ಣಗೇ ಉಳಿದು ತಿರುವಿನಲ್ಲಿ ಜಾರುತ್ತದೆ. ನನಗೆ ಮೆತ್ತನೆಯದೇ ಬೇಕು. ನಿಯಮ ಬಂದರೆ ನನ್ನ ರೇಸು ಮುಗಿದಂತೆ.

"ನಾ ಇದ್ದೀನಲ್ಲ, ಯಾಕ ಅಂಜತಿ?" ಎಂದ ರುದ್ರೇಶಣ್ಣ. ಅವನು ಸಮಿತಿಯಲ್ಲೂ ಇದ್ದ.

ವೋಟಿಗೆ ಮೊದಲು ಎಲ್ಲರೂ ಆ ಟೈರು ಹಾಕಿ ಓಡಿಸಿ ನೋಡುವ ದಿನ ಬಂತು. ನನ್ನ ಗಾಲಿಗಳಿಗೆ ಕರೆಂಟಿನ ಬಿಸಿ ಕಂಬಳಿ ಹೊದಿಸಿ ಅವನೇ ಪಕ್ಕದಲ್ಲಿ ಕುಂತ. ಉಳಿದವರು ಟ್ರ್ಯಾಕಿಗೆ ಹೋದರೂ ನನ್ನನ್ನು ಬಿಡಲಿಲ್ಲ.

"ಇನ್ನೊಂದೀಟು ತಡಿ. ಛಲೋತ್ನಾಗಿ ಕಾಯಲಿ."

ಕಾದ ಟೈರಿನ ಮೇಲೆ ನಾನು ಹಾರಿದೆ. ಮೂರನೆಯ ತಿರುವಿನಲ್ಲಿ ಮೊಣಕಾಲು ನೆಲ ಸವರಿತು, ಗಾಲಿ ಮಿಸುಕಲಿಲ್ಲ. ಇಳಿದವಳೇ ಡಬ್ಬಿ ಬಿಚ್ಚಿ ಅವನಿಗೆ ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ಅಣ್ಣ ಅಂದರೆ ಹೀಗಿರಬೇಕು ಅಂದುಕೊಂಡೆ.

ಮುಂದಿನ ವಾರ ಕ್ಲಬ್ಬಿನ ಸಭೆ. ಹಗುರ ಸವಾರರಿಗೆ ತೊಂದರೆ ಇದೆಯೇ ಎಂದು ಹೆಲೆನ್ ಕೇಳಿದಳು. ನಾನು ಏಳುವಷ್ಟರಲ್ಲಿ ರುದ್ರೇಶಣ್ಣ ಎದ್ದಿದ್ದ. ಇಂಗ್ಲಿಷಿನಲ್ಲಿ, ಗಂಟಲು ಸರಿಮಾಡಿಕೊಂಡು ಹೇಳಿದ: "ಇಲ್ಲಿ ಎಲ್ಲರಿಗಿಂತ ಹಗುರ ನನ್ನ ತಂಗಿ ವಚನಾ. ಅವತ್ತು ಅವಳು ಹೇಗೆ ಓಡಿಸಿದಳು ಅಂತ ನೀವೇ ನೋಡಿದ್ದೀರಿ. ಅವಳಿಗೇ ಆಗದ ತೊಂದರೆ ಯಾರಿಗಾದೀತು?"

ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಹೊಗಳಿದ ಅಂದುಕೊಂಡು ಒಂದು ಕ್ಷಣ ನಾನೂ ಹಲ್ಲುಕಿರಿದೆ, ನೋಡಿ!

ಹೆಲೆನ್ ನಿಯಮದ ಉಳಿದರ್ಧ ಹೇಳಿದಳು. ರೇಸಿನ ದಿನ ಯಾರೂ ಬಿಸಿ ಕಂಬಳಿ ಬಳಸುವಂತಿಲ್ಲ. "ಈ ಸಲಹೆ ಕೊಟ್ಟ ರುದ್ರೇಶ್‌ಗೆ ಥ್ಯಾಂಕ್ಸ್."

ನಾನು ಎದ್ದು ನಿಂತೆ. "ಅವತ್ತು ನನ್ನ ಟೈರಿಗೆ ಕಂಬಳಿ ಇತ್ತು."

"ಎಲ್ಲರಿಗೂ ಇತ್ತಲ್ಲ?" ಎಂದ ಗ್ರಹಾಂ. ಕುರಿ ಸಾಕುವ ರೈತ, ರುದ್ರೇಶಣ್ಣನಷ್ಟೇ ದಪ್ಪ.

ಇತ್ತು. ಆದರೆ ಅವರ ಭಾರಕ್ಕೆ ಅದು ಬೇಕಿರಲಿಲ್ಲ. ಅದನ್ನು ವಿವರಿಸುವಷ್ಟರಲ್ಲಿ ಕೈಗಳು ಮೇಲೆದ್ದಿದ್ದವು. ಗ್ರಹಾಂ ನನ್ನನ್ನೇ ನೋಡುತ್ತ ಎತ್ತಿದ. "ಸಾರಿ ವಚನಾ, ಮೆತ್ತನೆಯದು ನನ್ನ ಕೆಳಗೆ ಬಾಳಲ್ಲ." ರುದ್ರೇಶಣ್ಣ ಟೀ ಪಾತ್ರೆ ನೋಡುತ್ತ ಎತ್ತಿದ.

ಹೊರಗೆ ಅವನ ಯೂಟ್, ಅಂದರೆ ಪಿಕಪ್ ಗಾಡಿಯ, ಹತ್ತಿರ ಅವನನ್ನು ಹಿಡಿದು ನಿಲ್ಲಿಸಿದೆ.

"ಯಣ್ಣಾ, ಕಂಬಳಿ ಹೊದಿಸಿದಾವ ನೀನ. ತೆಗಸಿದಾವನೂ ನೀನ."

"ರೂಲ್ ಎಲ್ಲಾರಿಗೂ ಒಂದ ಅದ."

"ನನಗ್ಯಾಕ ಮೊದಲ ಹೇಳಲಿಲ್ಲ?"

"ಹೇಳಿದ್ರ ನೀ ಅವತ್ತ ಹಂಗ ಓಡಸ್ತಿದ್ದೇನು?"

ಎಂಥ ಸುಳ್ಳು ಹೇಳಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅವನು ಕೀಲಿ ತಿರುವುತ್ತ ಮೆಲ್ಲಗೆ ಸೇರಿಸಿದ: "ಕಲಿಸಿದಾವ ನಾ. ಪ್ರತಿ ಸೀಸನ್ ನಿನ್ನ ಬೆನ್ನು ನೋಡಕೋತ ಬಂದೇನಿ, ವಚನಾ. ನನ್ನ ಭಾರಕ್ಕ ಮೆತ್ತನ್ನ ಟೈರು ಅರ್ಧ ರೇಸಿಗೇ ಸವದು ಹೋಗತಾವ. ಒಮ್ಮೆರೆ ಮುಂದ ಹೋಗಬೇಕಂತ ಅನಸಬಾರದೇನು?"

"ಬಾಯಿ ಬಿಟ್ಟು ಕೇಳಿದ್ರ ನಾನೂ ಕೈ ಎತ್ತತಿದ್ನೋ ಏನೋ."

ಅವನು ಬಾಗಿಲು ತೆರೆದ. "ಹತ್ತು. ನಾಳೆ ಮಾತಾಡೂಣು."

ನಾನು ಹತ್ತಲಿಲ್ಲ. ನನ್ನ ಬೈಕು ಅವನ ಗ್ಯಾರೇಜಿನಲ್ಲೇ ಇತ್ತು. ಸಭೆಯ ಹಾಲ್‌ಗೆ ವಾಪಸು ಹೋಗಿ, ಟೀ ಕಪ್ಪು ತೊಳೆಯುತ್ತಿದ್ದ ಗ್ರಹಾಂನನ್ನು ಕೇಳಿದೆ: "ನಿನ್ನ ಯೂಟ್ ಸ್ವಲ್ಪ ಬೇಕಿತ್ತು. ನನ್ನ ಬೈಕು ತರಬೇಕು, ಈಗಲೇ."

ಅವನೂ ನನ್ನ ವಿರುದ್ಧವೇ ಕೈ ಎತ್ತಿದ್ದ. ಆದರೆ ನನ್ನ ಮುಖ ನೋಡಿ ಎತ್ತಿದ್ದ.