ಜಮಖಾನದ ಕೆಳಗಿನ ನೆಲ

ಮಲೇಷ್ಯಾದ ಸುಬಾಂಗ್ ಜಯಾದ ಆ ಮನೆಯನ್ನು ನಿವೃತ್ತ ಸೈನಿಕರೊಬ್ಬರು ಸರ್ಕಾರಿ ಸಾಲದಲ್ಲಿ ಕೊಳ್ಳುವವರಿದ್ದರು. ವಾಸಕ್ಕೆ ಯೋಗ್ಯವೆಂದು ಮನೆ ಪರಿಶೀಲಿಸಿ ಬೆಲೆ ಕಟ್ಟುವ ವ್ಯಾಲ್ಯುವರ್ ಸ್ವರ್ಣಲತಾ ಬರೆದುಕೊಟ್ಟರೆ ಮಾತ್ರ ಸಾಲ.

"ಚಪ್ಪಲಿ ಹೊರಗೇ ಬಿಡಿ ಮೇಡಂ, ಒಳಗೆ ದೇವ್ರ ಮನೆ ಇದೆ," ಎಂದ ಮಾಲೀಕ ದಾಮೋದರ, ಊರಿನ ಮಡಿಯನ್ನೆಲ್ಲ ತಾನೇ ಹೊತ್ತು ತಂದವನಂತೆ.

ಗೋಡೆಗೆ ಹೊಸ ಬಣ್ಣ, ನೆಲಕ್ಕೆ ಹೊಸ ಜಮಖಾನ. ಕಾಲಿಟ್ಟದ್ದೇ ತಡ, ಅವಳ ಅಂಗಾಲಿಗೆ ಪಚಕ್ಕೆಂದು ನೀರು ತಾಗಿತು. ಜಮಖಾನ ಎತ್ತಿದರೆ ಕೊಳೆತ ಮರದ ಹಲಗೆಗಳು. ಗಪ್ಪೆಂದು ನಾತ ಹೊಡೆಯಿತು.

"ಮಿಲಿಟರಿಯವ್ರಲ್ವಾ ಮೇಡಂ? ಕಾಡಲ್ಲೇ ಮಲಗಿದ್ದವ್ರು. ಈ ತೇವ ಅವ್ರಿಗ್ಯಾವ ಲೆಕ್ಕ ಲಾ!" ಎಂದು ಮಲೇಷ್ಯಾದವರ ಧಾಟಿಯಲ್ಲಿ 'ಲಾ' ಎಳೆದು ಹಲ್ಲುಕಿರಿದ.

ಮುಖಕ್ಕೆ ಉಗಿಯಬೇಕೆನ್ನಿಸಿತು ಸ್ವರ್ಣಲತಾಗೆ. ಉಗುಳು ನುಂಗಿಕೊಂಡು ಅವನ ಕಾಲುಗಳತ್ತ ನೋಡಿದಳು.

"ಮತ್ತೆ ನೀವ್ಯಾಕೆ ಮನೆಯೊಳಗೆ ಚಪ್ಪಲಿ ಹಾಕ್ಕೊಂಡು ಓಡಾಡ್ತಿದೀರಿ?"