ದ್ರಾಕ್ಷಾಯಿಣಿ ಓದಿ ಹೇಳಿದ್ದು

ದುರ್ಗೇಶ ಹದಿನೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದ. ಗಂಟಲಿನ ಕ್ಯಾನ್ಸರ್ ಎಂದು ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಕುತ್ತಿಗೆಯ ತೂತಿನಿಂದ ಉಸಿರಾಡುತ್ತಿದ್ದ. ಬ್ಯಾಡಗಿಯ ಮನೆಯಲ್ಲಿ ಇರಲಾಗಲಿಲ್ಲ. ಮೆಣಸಿನಕಾಯಿಯ ಘಾಟು ಆ ತೂತಿಗೇ ಹೊಕ್ಕು, ಕೆಮ್ಮು ಹತ್ತಿದರೆ ಬಿಡುತ್ತಿರಲಿಲ್ಲ. ಹೀಗಾಗಿ ಹೆಂಡತಿ ದ್ರಾಕ್ಷಾಯಿಣಿ ತಾನು ಟೈಪಿಸ್ಟ್ ಆಗಿದ್ದ ಹಾವೇರಿಯಲ್ಲೇ ಬಾಡಿಗೆ ಮನೆ ಹಿಡಿದಳು. ಅವನ ತಾಯಿ ಹೊಳಿಯವ್ವನೂ ಜೊತೆಗೆ ಬಂದಳು.

ಹೇಳಬೇಕಾದ್ದನ್ನು ದುರ್ಗೇಶ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಹೊಳಿಯವ್ವನಿಗೆ ಅಕ್ಷರ ಬಾರದು. ಸೊಸೆಯೇ ಓದಿ ಹೇಳಬೇಕು. ಫೆಬ್ರುವರಿಯಲ್ಲಿ ರೋಗ ಶ್ವಾಸಕೋಶಕ್ಕೆ ಇಳಿದಿದೆ, ಹೆಚ್ಚೆಂದರೆ ಆರು ತಿಂಗಳು ಎಂದು ಡಾಕ್ಟರು ಹೇಳಿದರು. ಅಂದು ಮನೆಗೆ ಬಂದವನೇ ಬರೆದ: "ಅವ್ವಗ ಖರೇ ಹೇಳಿಬಿಡು."

ಮುದುಕಿ ಎದುರಿಗೇ ಕುಳಿತಿದ್ದಳು. ದ್ರಾಕ್ಷಾಯಿಣಿ ನೋಟ್‌ಬುಕ್ ಹಿಡಿದು, "ಆರಾಮ ಆಗಾಕತ್ತೈತಿ, ಚಿಂತಿ ಮಾಡಬ್ಯಾಡ ಅಂತ ಬರದಾರ, ಅತ್ತಿ" ಎಂದು ಓದಿದಳು.

ದುರ್ಗೇಶ ಜೋರಾಗಿ ತಲೆ ಅಲ್ಲಾಡಿಸಿದ.

"ದಣದಾರ. ಮಲಗ್ತಾರಂತ" ಎಂದಳು.

ಆಮೇಲೆ ಅವನು ಎಷ್ಟು ಸಲ ಬರೆದರೂ ಅವಳು ಬೇರೆಯದನ್ನೇ ಓದಿದಳು. ಮಾರ್ಚಿನಲ್ಲಿ ಅವನು ಬರೆಯುವುದನ್ನೇ ಬಿಟ್ಟ. ಹತ್ತು ದಿನದ ಮೇಲೆ ಒಂದೇ ಸಾಲು ಬರೆದ: "ಆಸ್ಪತ್ರ್ಯಾಗ ಒಬ್ಬಾವ ಕಂಪ್ಯೂಟರಿನಿಂದ ಮಾತಾಡ್ತಿದ್ದ. ನನಗೂ ಹಂಗ ಮಾಡಿಕೊಡು."

ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ದುರ್ಗೇಶನದು ಬಟನ್ ಫೋನು, ಅವಳದು ದಿನಾ ಅವಳ ಜೊತೆ ಆಫೀಸಿಗೆ ಹೋಗುತ್ತಿತ್ತು. ಆಫೀಸಿನ ಅಜೀಮ ತನ್ನ ಹನ್ನೊಂದು ವರ್ಷದ ಲ್ಯಾಪ್‌ಟಾಪ್ ತಂದುಕೊಟ್ಟ. ಅದರಲ್ಲಿ ವಿಂಡೋಸ್ ತೆರೆಯಲು ಕಾಲು ಗಂಟೆ ಬೇಕಿತ್ತು.

"ಅದನ್ನ ಅಳಿಸಿ ಲಿನಕ್ಸ್ ಹಾಕ್ರಿ, ಮೇಡಂ. ಹಗುರ ಐತಿ. ಕನ್ನಡಾ ಓದಿ ಹೇಳೂ ಪ್ರೋಗ್ರಾಮೂ ಸಿಗ್ತೈತಿ" ಎಂದು ಪೆನ್‌ಡ್ರೈವ್ ಕೊಟ್ಟು, ಮಾಡುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ.

ಭಾನುವಾರ ಬೆಳಗ್ಗೆ ಕುಳಿತಳು. ದುರ್ಗೇಶ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡ. ಡಿಸ್ಕಿನಲ್ಲಿರುವುದೆಲ್ಲ ಅಳಿಸಲೇ ಎಂದು ಕೇಳಿತು, ಹೌದೆಂದು ಒತ್ತಿದಳು. ಕೆಲಸ ಎಷ್ಟಾಯಿತೆಂದು ತೋರಿಸುವ ನೀಲಿ ಪಟ್ಟಿ ಅರ್ಧ ದಾಟಿದಾಗ ಕರೆಂಟ್ ಹೋಯಿತು. ಬ್ಯಾಟರಿ ಎಂದೋ ಸತ್ತಿತ್ತು. ಕರೆಂಟ್ ಬಂದು ಮತ್ತೆ ಚಾಲೂ ಮಾಡಿದರೆ, ಇದರಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ಮೂ ಇಲ್ಲ ಎಂಬ ಒಂದು ಇಂಗ್ಲಿಷ್ ಸಾಲು ಬಿಟ್ಟರೆ ಪರದೆ ಕಪ್ಪು.

ದ್ರಾಕ್ಷಾಯಿಣಿಯ ಎದೆ ಹಗುರಾಯಿತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು.

"ಕೆಟ್ಟು ಹೋತು ಅನಸ್ತೈತಿ" ಎಂದಳು.

ದುರ್ಗೇಶ ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. 'ನಡುವ ನಿಂತರ ಮೊದಲಿಂದ ಮಾಡ್ರಿ' ಎಂದು ಅಜೀಮ ಬರೆದಿದ್ದ. ಅವನು ಬೆರಳು ತೆಗೆಯಲಿಲ್ಲ. ಅವಳು ಮೊದಲಿಂದ ಶುರು ಮಾಡಿದಳು.

ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲ ಮುಗಿಯಿತು. ಅವಳು ಕೀಲಿಗಳ ಮೇಲೆ ಕನ್ನಡದ ಅಕ್ಷರ ಅಂಟಿಸಿಕೊಟ್ಟಳು. ದುರ್ಗೇಶ ಕೈಸನ್ನೆಯಿಂದ ತಾಯಿಯನ್ನು ಕರೆದು ಕೂರಿಸಿಕೊಂಡು, ಒಂದೇ ಬೆರಳಿನಲ್ಲಿ ಬಹಳ ಹೊತ್ತು ಒತ್ತಿದ. ಕೊನೆಗೆ ತಗಡಿನ ಡಬ್ಬಿಯೊಳಗಿಂದ ಬಂದಂಥ, ಏರಿಳಿತವಿಲ್ಲದ ಧ್ವನಿ ಹೊರಟಿತು.

"ಅವ್ವಾ, ನಾ ದುರ್ಗೇಶ. ನನಗ ಆರಾಮ ಆಗಿಲ್ಲ. ರೋಗ ಎದಿಗಿ ಇಳದೈತಿ. ನಾ ಭಾಳ ದಿನಾ ಇರೂದಿಲ್ಲ. ಇದನ್ನ ಫೆಬ್ರುವರಿಯಾಗ ಬರದಿದ್ದೆ."

ಹೊಳಿಯವ್ವ ಮಗನ ಮುಖ ನೋಡಿದಳು. "ಇನ್ನೊಮ್ಮೆ ಅನಸು" ಎಂದಳು. ಅವನು ಮತ್ತೆ ಒತ್ತಿದ. ಅವವೇ ಮಾತು ಅದೇ ಧ್ವನಿಯಲ್ಲಿ ಬಂದವು.

ಆಮೇಲೆ ಸೊಸೆಯ ಕಡೆ ತಿರುಗಿದಳು. "ಹಂಗಾರ ಇಷ್ಟು ದಿನಾ ನೀ ಓದಿದ್ದು ಯಾರ ಮಾತು?"

"ನಿಮಗ ಸಂಕಟ ಆಗಬಾರದಂತ, ಅತ್ತಿ..."

"ಸಾಯಾಕತ್ತಾವ ನನ್ನ ಮಗ. ಆ ಸಂಕಟ ನಂದು. ಅದನ್ನ ನೀ ಯಾಕ ಕಸಗೊಂಡಿ?"

ದ್ರಾಕ್ಷಾಯಿಣಿ ಎದ್ದು ಅಡುಗೆಮನೆಗೆ ಹೋದಳು.

ಅಲ್ಲಿಂದ ಮೂರು ತಿಂಗಳು ತಾಯಿ ಮಗ ದಿನವೂ ಮಾತಾಡಿದರು. ಸತ್ತ ತಂದೆ ಹೇಮಪ್ಪನ ಸುದ್ದಿ, ದುರ್ಗೇಶನನ್ನು ಎಲ್ಲಿ ಮಣ್ಣು ಮಾಡಬೇಕೆಂಬ ಸುದ್ದಿ. ಅಡುಗೆಮನೆಯಲ್ಲಿ ನಿಂತು ದ್ರಾಕ್ಷಾಯಿಣಿ ಕೇಳಿಸಿಕೊಳ್ಳುತ್ತಿದ್ದಳು. ಜುಲೈ ಮೊದಲ ವಾರ ದುರ್ಗೇಶ ತೀರಿಕೊಂಡ.

ಹೊಳಿಯವ್ವ ಬ್ಯಾಡಗಿಗೆ ಮರಳಿದಳು. ತಿಂಗಳ ಮೇಲೆ ದ್ರಾಕ್ಷಾಯಿಣಿ ನೋಡಲು ಹೋದಾಗ ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದಳು. ಕೈಯಲ್ಲಿ ವೃದ್ಧಾಪ್ಯ ವೇತನದ ಕಾಗದವಿತ್ತು.

"ಬಾ, ಕುಂದರು" ಎಂದಳು. ಕುಡಿಯಲು ನೀರು ಕೊಟ್ಟಳು. ಆಮೇಲೆ ಕಾಗದ ಹಿಡಿದುಕೊಂಡು, ಓದಿಸಲು ಪಕ್ಕದ ಗುತ್ತೆವ್ವನ ಮನೆಗೆ ಹೋದಳು.