ಕೀಬೋರ್ಡ್ ದೀಪದ ಹೆಸರಿನಲ್ಲಿ

ಆಟದ ನಡುವೆ ಪರದೆ ಮತ್ತೆ ನಿಂತಿತು. ಓಡುತ್ತಿದ್ದ ಎದುರಾಳಿ ಒಂದು ಕಾಲೆತ್ತಿಕೊಂಡೇ ಉಳಿದ, ಗುಂಡಿನ ಸದ್ದು ತೊದಲಿತು. ಚಿತ್ರಕ್ಕೆ ಜೀವ ಬರುವಷ್ಟರಲ್ಲಿ ಅವಳ ಸೈನಿಕ ನೆಲಕ್ಕುರುಳಿದ್ದ.

ಮನೆಯಲ್ಲಿ ಅವಳು ಅಕ್ಕ, ಕಣ್ಣಾಸ್ಪತ್ರೆಯಲ್ಲಿ ಸಿಸ್ಟರ್, ಆಟದಲ್ಲಿ ಗುಬ್ಬಿ. ತಂಡದಲ್ಲಿ ನಾಲ್ವರು: ಅವಳು, ಕ್ಯಾಪ್ಟನ್ ಆಗಿದ್ದ ತಮ್ಮ, ಒಬ್ಬ ಬಸ್ ಡ್ರೈವರ್, ಒಬ್ಬ ಡ್ರಾಯಿಂಗ್ ಟೀಚರ್. ಅಂದು ಸಂಜೆ ಸೆಮಿಫೈನಲ್. ಗೆದ್ದರೆ ಫೈನಲ್ ಪಂದ್ಯ ದೊಡ್ಡ ಸಭಾಂಗಣದಲ್ಲಿ, ಜನರ ಎದುರಿಗೆ. ತಮ್ಮ ಅದನ್ನೇ ಜಪಿಸುತ್ತಾ ವಾರವಿಡೀ ಸರಿಯಾಗಿ ಊಟ ಮಾಡಿರಲಿಲ್ಲ.

ಅಕ್ಕ ಊಟದ ಮೇಜಿನ ಮೇಲೆ ಹಳೇ ಟವೆಲ್ ಹಾಸಿ, ಲ್ಯಾಪ್‌ಟಾಪನ್ನು ಬೋರಲು ಹಾಕಿ ತಳ ಬಿಚ್ಚಿದಳು. ಶಾಖಕ್ಕೇ ಹೀಗಾಗುತ್ತಿರಬಹುದು ಎಂಬುದು ಅವಳ ಮೊದಲ ಅನುಮಾನ. ಫ್ಯಾನಿನ ರೆಕ್ಕೆಗಳಿಗೆ ಧೂಳು ಮೆತ್ತಿಕೊಂಡಿತ್ತು. ಬ್ರಷ್‌ನಿಂದ ಬಿಡಿಸಿದಳು. ಮೆಮೊರಿ ಪಟ್ಟಿಗಳನ್ನು ಕಿತ್ತು, ಅವುಗಳ ಹಿತ್ತಾಳೆ ಬಣ್ಣದ ಅಂಚನ್ನು ಒರೆಸಿ, 'ಟಕ್' ಎನ್ನುವವರೆಗೆ ಒತ್ತಿ ಕೂರಿಸಿದಳು. ತರಕಾರಿ ಹೆಚ್ಚಲು ಜಾಗ ಸಿಗದೆ ನಿಂತಿದ್ದ ಅಮ್ಮ, ಆ ಯಂತ್ರಕ್ಕೂ ಒಂದು ರಜೆ ಕೊಡಬಾರದೇ ಎಂದು ಕೇಳಿದಳು. ಸಂಜೆ ಒಂದು ಕಳೆಯಲಿ ಎಂದಳು ಅಕ್ಕ.

ತಳ ಮುಚ್ಚಿ ಶುರು ಮಾಡಿದಳು. ಫ್ಯಾನು ಮೊದಲಿಗಿಂತ ಮೆತ್ತಗೆ ತಿರುಗಿತು, ಆದರೆ ಆಟ ಮತ್ತೆ ಮುಗ್ಗರಿಸಿತು.

ಅಂದರೆ ತೊಂದರೆ ಶಾಖದ್ದಲ್ಲ. ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ತೋರಿಸುವ ಕಿಟಕಿಯನ್ನು ತೆರೆದಳು. ಬ್ರೌಸರ್, ಹರಟೆಯ ಆ್ಯಪ್, ಹಾಡಿನದು, ಎಲ್ಲವನ್ನೂ ಮುಚ್ಚಿದಳು. ಕೊನೆಗೆ ಆಟವನ್ನೂ ಮುಚ್ಚಿದಳು. ಆದರೂ ಮೆಮೊರಿಯ ಗೆರೆ ಇಳಿಯಲಿಲ್ಲ. ತೂತು ಬಿದ್ದ ದೋಣಿಗೆ ನೀರು ನುಗ್ಗುವ ಹಾಗೆ ಸ್ವಲ್ಪಸ್ವಲ್ಪವೇ ಏರುತ್ತಿತ್ತು. ಹೆಚ್ಚು ತಿನ್ನುವವರು ಮೇಲೆ ಬರುವಂತೆ ಜೋಡಿಸಿ ನೋಡಿದಾಗ ಮೊದಲ ಸಾಲಿನಲ್ಲಿ ಕೂತಿದ್ದದ್ದು ಕೀಬೋರ್ಡಿನ ಬಣ್ಣದ ದೀಪಗಳನ್ನು ನಡೆಸುವ ಒಂದು ಪ್ರೋಗ್ರಾಂ.

ಅವಳ ಕೀಬೋರ್ಡಿಗೆ ಬಣ್ಣದ ದೀಪಗಳೇ ಇರಲಿಲ್ಲ.

ಅದನ್ನು ನಿಲ್ಲಿಸಿದೊಡನೆ ಗೆರೆ ಧೊಪ್ಪನೆ ಕುಸಿಯಿತು. ಆಟ ತೆರೆದಳು, ಎಣ್ಣೆ ಸವರಿದಂತೆ ಓಡಿತು. ಸಿಕ್ಕಿಬಿತ್ತಲ್ಲ ಕಳ್ಳ ಎಂದು ಒಬ್ಬಳೇ ನಕ್ಕಳು. ಆದರೆ ಗುರಿ ಅಭ್ಯಾಸದ ಮೈದಾನದಲ್ಲಿ ನಾಲ್ಕಾರು ಗುಂಡು ಹಾರಿಸಿದ ಮೇಲೆ ನಗು ಮಾಯವಾಯಿತು. ಒಂದೂ ತಾಗಿರಲಿಲ್ಲ. ಅಷ್ಟರಲ್ಲಿ ದೀಪದ ಪ್ರೋಗ್ರಾಂ ತಾನಾಗಿಯೇ ಮತ್ತೆ ಎದ್ದು ಕೂತಿತು. ಅವಳು ಇನ್ನೊಮ್ಮೆ ಗುಂಡು ಹಾರಿಸಿದಳು. ಈ ಸಲ ಗುರಿಯ ಚುಕ್ಕೆ ಬೊಂಬೆಯ ಹತ್ತಿರ ಬಂದದ್ದೇ ತಡ, ಯಾರೋ ಮಣಿಕಟ್ಟು ಹಿಡಿದು ಎಳೆದಂತೆ ತಲೆಗೆ ಹೋಗಿ ಅಂಟಿಕೊಂಡಿತು. ಬೇಕೆಂದೇ ಪಕ್ಕಕ್ಕೆ ಎಳೆದರೂ ಮತ್ತೆ ಅಲ್ಲಿಗೇ ಬಂತು.

ಅದು ದೀಪದ ಹೆಸರಿಟ್ಟುಕೊಂಡ, ಗುರಿಯನ್ನು ತಾನೇ ಹಿಡಿದುಕೊಡುವ ಮೋಸದ ಪ್ರೋಗ್ರಾಂ. ಹಿಂದಿನ ಪಂದ್ಯದಲ್ಲಿ, ಇಡೀ ತಂಡ ಸತ್ತ ಮೇಲೆ, ಅವಳೊಬ್ಬಳೇ ಉಳಿದು ಮೂವರನ್ನು ಹೊಡೆದಿದ್ದಳು. ಡ್ರೈವರ್ ಇಯರ್‌ಫೋನ್ ಒಡೆಯುವ ಹಾಗೆ ಕೂಗಿದ್ದ. ಸೋತ ತಂಡದ ಹುಡುಗಿಯೊಬ್ಬಳು, ತುಂಬಾ ಚೆನ್ನಾಗಿ ಆಡಿದ್ರಿ ಎಂದು ಬರೆದು ಕಳಿಸಿದ್ದಳು. ಆ ಮಾತನ್ನು ಅವಳು ವಾರ್ಡಿನಲ್ಲಿ ಔಷಧಿ ಹಾಕುವಾಗಲೂ ನೆನೆಸಿಕೊಂಡು ಹಿಗ್ಗಿದ್ದಳು.

ಆ ಪ್ರೋಗ್ರಾಂನ ಫೈಲ್ ಬಂದ ದಿನಾಂಕ ನೋಡಿದಳು. ಆ ಪಂದ್ಯದ ಹಿಂದಿನ ದಿನ. ಆಟ ಅಪ್‌ಡೇಟ್ ಮಾಡಿ ಕೊಡ್ತೀನಿ ಎಂದು ತಮ್ಮ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದ ದಿನ.

ತಮ್ಮ ಪಕ್ಕದ ಕೋಣೆಯಲ್ಲಿ ಸಂಜೆಯ ಪಂದ್ಯದ ನಕ್ಷೆ ನೋಡುತ್ತಿದ್ದ. ಅವಳು ಲ್ಯಾಪ್‌ಟಾಪನ್ನು ಅವನ ಮುಂದಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟಳು. ಕಿವಿಯವರೆಗೆ ಕೆಂಪೇರಿದ ಅವನ ಮುಖವೇ ಎಲ್ಲ ಹೇಳಿತು.

"ನಿಂಗೋಸ್ಕರಾನೇ ಮಾಡಿದ್ದು ಅಕ್ಕಾ," ಎಂದ ಕೊನೆಗೆ. "ಡ್ಯೂಟಿ ಮುಗಿಸ್ಕೊಂಡು ಬಂದು ಆಡ್ತೀಯ. ಕೈ ನಿಲ್ತಿರ್ಲಿಲ್ಲ ನಿಂದು."

"ನಿನ್ನ ಲ್ಯಾಪ್‌ಟಾಪಲ್ಲೂ ಇದ್ಯಾ ಇದು?"

"ಇಲ್ಲ." ಅವನು ತಲೆ ತಗ್ಗಿಸಿದ. "ನಂಗೆ ಬೇಕಾಗ್ಲಿಲ್ಲ."

ಮೋಸಕ್ಕಿಂತ ಆ ಮಾತೇ ಅವಳನ್ನು ಹೆಚ್ಚು ಚುಚ್ಚಿತು.

ಅವನು ಅಂಗಲಾಚಿದ. ಅಳಿಸಿಬಿಡು, ಸಂಜೆ ನಮ್ಮಷ್ಟಕ್ಕೆ ನಾವು ಆಡೋಣ, ಸೋತರೆ ಸೋಲೋಣ, ಇದು ಯಾರಿಗೂ ಗೊತ್ತಾಗುವುದಿಲ್ಲ ಎಂದ. ಟೀಚರ್ ಈ ಪಂದ್ಯಕ್ಕಾಗಿ ಶಾಲೆಗೆ ರಜೆ ಹಾಕಿರುವುದನ್ನೂ ಹೇಳಿದ. ಅಕ್ಕನ ಬೆರಳು ಅಳಿಸುವ ಗುಂಡಿಯ ಮೇಲೇ ಇತ್ತು. ಒಂದು ಸಲ ಒತ್ತಿದರೆ ಲ್ಯಾಪ್‌ಟಾಪೂ ಸರಿಯಾಗುತ್ತಿತ್ತು, ತಮ್ಮನೂ ಉಳಿಯುತ್ತಿದ್ದ. ಅವಳಿಗೂ ಹಾಗೆ ಮಾಡುವ ಆಸೆ ಆಗದೆ ಇರಲಿಲ್ಲ.

"ಸೋತ ತಂಡದ ಆ ಹುಡುಗಿ ಆಡ್ಬೇಕಾಗಿದ್ದ ಆಟ ಕಣೋ ಇದು," ಎಂದು ಅಕ್ಕ ಕೈ ತೆಗೆದಳು.

ಪಂದ್ಯಗಳ ಉಸ್ತುವಾರಿ ನೋಡುತ್ತಿದ್ದ ರೆಫರಿಗೆ ಅವಳೇ ಫೋನ್ ಮಾಡಿದಳು. ಆ ಹೆಂಗಸು ಗದರಲಿಲ್ಲ. ಏನನ್ನೂ ಅಳಿಸಬೇಡಿ ಎಂದು ಹೇಳಿ, ಇಂಟರ್ನೆಟ್ ಮೂಲಕ ದೂರದಿಂದಲೇ ಲ್ಯಾಪ್‌ಟಾಪ್ ಪರೀಕ್ಷಿಸಿದಳು. ತಾನಾಗಿಯೇ ಅಲ್ಲಾಡುವ ಬಾಣದ ಗುರುತನ್ನು ಅಕ್ಕ ಕೈಕಟ್ಟಿ ನೋಡುತ್ತಿದ್ದಳು. ತಮ್ಮ ಬಾಗಿಲಿಗೆ ಒರಗಿ ನಿಂತಿದ್ದ. ಕೊನೆಗೆ ತೀರ್ಪು ಬಂತು: ತಂಡ ಹೊರಗೆ, ಸೋತಿದ್ದ ತಂಡಕ್ಕೆ ಸೆಮಿಫೈನಲ್. ತಮ್ಮ ಒಂದು ವರ್ಷ ಆಡುವಂತಿಲ್ಲ. ಅಕ್ಕನಿಗೆ ಶಿಕ್ಷೆಯಿಲ್ಲ.

ಉಳಿದಿಬ್ಬರಿಗೆ ಅವಳೇ ವಿಷಯ ತಿಳಿಸಿದಳು. ಟೀಚರ್ ಮಾತಿನ ನಡುವೆಯೇ ಫೋನಿಟ್ಟಳು, ಮತ್ತೆ ಎತ್ತಲೇ ಇಲ್ಲ. ಡ್ರೈವರ್ ಬಾಯಿಗೆ ಬಂದಂತೆ ಬೈದ. ತಮ್ಮ ಅವಳೊಡನೆ ಮಾತು ಬಿಟ್ಟ. ಊಟಕ್ಕೆ ಕೂತರೆ ಉಪ್ಪು ಬೇಕೆಂದು ಅಮ್ಮನನ್ನೇ ಕೇಳುವನು. ನಿಮ್ಮಿಬ್ಬರ ನಡುವೆ ಟಪಾಲು ಹಂಚೋ ಕೆಲಸ ನನ್ನದಾಯಿತು ಎಂದು ಅಮ್ಮ ಗೊಣಗಿದಳು.

ಹೀಗೇ ಒಂದು ತಿಂಗಳು ಕಳೆದಿರಬೇಕು, ಒಂದು ಮಧ್ಯಾಹ್ನ ಡ್ರೈವರ್ ಫೋನ್ ಮಾಡಿದ. ಹೊಸ ತಂಡ ಕಟ್ಟುತ್ತಿದ್ದಾನಂತೆ, ಅವಳೂ ಸೇರಬೇಕಂತೆ.

"ನನ್ನ ಗುರಿ ಅಷ್ಟಕ್ಕಷ್ಟೇ, ಗೊತ್ತಲ್ಲ?" ಎಂದಳು ಅಕ್ಕ.

"ಗೊತ್ತು. ಅದಕ್ಕೇ ಈಗ್ಲಿಂದ್ಲೇ ಅಭ್ಯಾಸ ಶುರು ಮಾಡು ಅಂತಿರೋದು."

ಅವಳು ಅಭ್ಯಾಸಕ್ಕೆ ಕೂತಳು. ಚಿತ್ರ ಎಲ್ಲೂ ತಡವರಿಸದೆ ಓಡುತ್ತಿತ್ತು, ಗುಂಡುಗಳು ಮಾತ್ರ ಗೋಡೆಗೇ ಬೀಳುತ್ತಿದ್ದವು. ತಮ್ಮ ನೀರು ಕುಡಿಯುವ ನೆಪದಲ್ಲಿ ಅವಳ ಹಿಂದೆ ಮೂರು ಸಲ ಹಾದುಹೋದ. ನಾಲ್ಕನೇ ಸಲ ನಿಂತ.

"ಮೌಸ್ ಅಷ್ಟು ಬಿಗಿಯಾಗಿ ಹಿಡೀಬೇಡ," ಎಂದ.

ಅವಳು ತಿರುಗಿ ನೋಡಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ತೆಗೆದು ನೆಲಕ್ಕೆ ಹಾಕಿದಳು, ಅವನು ಕೂರಲಿ ಎಂದು.